ಹರಳೋ, ಸೋರೆಯೋ? ಯೋನನ ತಲೆಯ ಮೇಲಿನ ನೆರಳು

ಹಗಲಿನ ಕೆಲಸ ಮುಗಿದು ರಾತ್ರಿಯ ಊಟಕ್ಕೆ ಮುನ್ನ ಸಿಗುವ ಒಂದು ಗಂಟೆಯನ್ನು ಓದಿಗೆ ಇಡುವುದು ನನಗೆ ಬಹಳ ವರ್ಷಗಳ ರೂಢಿ. ಹೆಚ್ಚಿನ ಸಂಜೆಗಳಲ್ಲಿ ಅದು ದಿನಪತ್ರಿಕೆಯಲ್ಲೇ ಕಳೆದುಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಮಾತ್ರ ಬೈಬಲ್ ವ್ಯಾಖ್ಯಾನಗಳ ಇತಿಹಾಸದ ಕುರಿತ ದಪ್ಪ ಪುಸ್ತಕವೊಂದು ಕೈಗೆ ಸಿಕ್ಕಿತು. ದಿನಕ್ಕೆ ಹತ್ತು ಪುಟಗಳಂತೆ ಓದಲು ಶುರು ಮಾಡಿದೆ. ಇಂತಹ ಪುಸ್ತಕದಲ್ಲಿ ತ್ರಿಯೇಕತ್ವ, ವಿಮೋಚನೆ, ಪಾಪ-ಪುಣ್ಯಗಳಂತಹ ಭಾರವಾದ ವಿಷಯಗಳಷ್ಟೇ ಇರುತ್ತವೆ ಎಂದು ಅಂದುಕೊಂಡಿದ್ದೆ. ಅವೂ ಇದ್ದವು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅವಲ್ಲ, ಒಂದು ಗಿಡ. ಅದು ಹರಳಿನ ಗಿಡವೋ ಸೋರೆ ಬಳ್ಳಿಯೋ ಎಂಬ ಪ್ರಶ್ನೆ ಎರಡು ಸಾವಿರ ವರ್ಷಗಳಿಂದ ನಡೆದು ಬಂದಿದೆ ಎಂದರೆ ಓದುಗರು ನಕ್ಕಾರು. ಮೊದಲಿಗೆ ನಾನೂ ನಕ್ಕಿದ್ದೆ.

ಗಿಡ ಬರುವುದು ಪ್ರವಾದಿ ಯೋನನ ಕಥೆಯಲ್ಲಿ. ಮುಸ್ಲಿಮರು ಯೂನುಸ್(ಅ) ಎಂದು ಕರೆಯುವ ಪ್ರವಾದಿ ಇವರೇ. ಬೈಬಲಿನ ಪ್ರಕಾರ, ನಿನೆವೆ ಪಟ್ಟಣಕ್ಕೆ ಹೋಗಿ ಎಚ್ಚರಿಕೆ ನೀಡೆಂಬ ಆಜ್ಞೆಗೆ ಬೆನ್ನು ತಿರುಗಿಸಿ ಯೋನ ಹಡಗು ಹತ್ತುತ್ತಾನೆ. ಬಿರುಗಾಳಿ ಏಳುತ್ತದೆ, ಸಮುದ್ರದ ಪಾಲಾಗುತ್ತಾನೆ, ಮೀನಿನ ಹೊಟ್ಟೆ ಸೇರಿ ಮೂರು ದಿನಗಳ ನಂತರ ಹೊರಬರುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನ ಭಾಗವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಯೋನ ನಿನೆವೆಗೆ ಹೋಗಿ ಸಾರುತ್ತಾನೆ, ಜನ ಪಶ್ಚಾತ್ತಾಪ ಪಡುತ್ತಾರೆ, ದೇವರು ಆ ಪಟ್ಟಣವನ್ನು ಕ್ಷಮಿಸುತ್ತಾನೆ. ಯೋನನಿಗೆ ಅದೇ ಸಿಟ್ಟು. ಪಟ್ಟಣದ ಹೊರಗೆ ಚಪ್ಪರ ಕಟ್ಟಿಕೊಂಡು ಮುಖ ಊದಿಸಿ ಕೂರುತ್ತಾನೆ. ಆಗ ಒಂದೇ ರಾತ್ರಿಯಲ್ಲಿ ಅವನ ತಲೆಯ ಮೇಲೆ ಒಂದು ಗಿಡ ಬೆಳೆದು ನೆರಳು ಕೊಡುತ್ತದೆ. ಮಾರನೆಯ ಬೆಳಗಿನ ಜಾವ ಹುಳು ಬಿದ್ದು ಗಿಡ ಒಣಗುತ್ತದೆ. ಬಿಸಿಲು, ಬಿಸಿಗಾಳಿ. ಸಾಯುವುದೇ ಮೇಲು ಎಂದು ಯೋನ ಗೊಣಗುತ್ತಾನೆ. ನೀನು ನೆಡದ, ನೀರೆರೆಯದ ಗಿಡಕ್ಕಾಗಿ ಇಷ್ಟು ಮರುಗುವೆಯಾದರೆ, ಲಕ್ಷಕ್ಕೂ ಮೀರಿದ ಜನ ಮತ್ತು ಅಷ್ಟೊಂದು ದನಕರುಗಳಿರುವ ಪಟ್ಟಣಕ್ಕಾಗಿ ನಾನು ಮರುಗಬಾರದೇ ಎಂದು ದೇವರು ಕೇಳುವುದರೊಂದಿಗೆ ಪುಸ್ತಕ ನಿಂತುಬಿಡುತ್ತದೆ. ಯೋನ ಏನು ಉತ್ತರಿಸಿದ ಎಂಬುದೂ ಅಲ್ಲಿಲ್ಲ.

ಹೀಬ್ರೂ ಮೂಲದಲ್ಲಿ ಆ ಗಿಡದ ಹೆಸರು ‘ಕೀಕಾಯೋನ್’. ಇಡೀ ಹೀಬ್ರೂ ಬೈಬಲಿನಲ್ಲಿ ಈ ಪದ ಬೇರೆಲ್ಲೂ ಬರುವುದಿಲ್ಲ. ತೊಂದರೆ ಹುಟ್ಟಿದ್ದೇ ಅಲ್ಲಿಂದ.

ಕ್ರಿ.ಶ. 403ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟಿನ್, ಬೆತ್ಲೆಹೇಮಿನಲ್ಲಿದ್ದ ವಿದ್ವಾಂಸ ಜೆರೋಮ್‌ಗೆ ಒಂದು ಪತ್ರ ಬರೆದರು. ಹಿಪ್ಪೋ ಈಗಿನ ಅಲ್ಜೀರಿಯಾದ ಅನ್ನಾಬಾ. ಪತ್ರದಲ್ಲಿ ಅವರು ಹೇಳುವ ಪ್ರಸಂಗ ನಡೆದದ್ದು ಓಯಾ ಎಂಬ ಊರಿನಲ್ಲಿ, ಅಂದರೆ ಇಂದಿನ ಲಿಬಿಯಾದ ಟ್ರಿಪೋಲಿಯಲ್ಲಿ. ಅಲ್ಲಿನ ಬಿಷಪ್ ಒಬ್ಬರು ಜೆರೋಮ್ ಹೊಸದಾಗಿ ಹೀಬ್ರೂವಿನಿಂದ ನೇರವಾಗಿ ಲ್ಯಾಟಿನ್‌ಗೆ ತಂದ ಯೋನನ ಪುಸ್ತಕವನ್ನು ಚರ್ಚಿನಲ್ಲಿ ಓದಿಸಿದರು. ಒಂದು ಪದ ಬರುತ್ತಲೇ ಸಭೆಯಲ್ಲಿ ಗದ್ದಲವೆದ್ದಿತು. ತಲೆಮಾರುಗಳಿಂದ ಕಿವಿಯಲ್ಲಿ ಕೂತಿದ್ದ ಪದದ ಜಾಗದಲ್ಲಿ ಬೇರೆಯದೇ ಪದ! ಗ್ರೀಕ್ ಬಲ್ಲವರಂತೂ ಗ್ರಂಥವನ್ನು ತಿದ್ದಲಾಗಿದೆ ಎಂದೇ ಕೂಗಾಡಿದರು. ಬಿಷಪ್ಪರಿಗೆ ದಿಕ್ಕು ತೋಚದೆ ಊರಿನ ಯಹೂದಿಗಳ ಬಳಿ ಹೋಗಿ ಮೂಲದಲ್ಲಿ ಏನಿದೆ ಎಂದು ವಿಚಾರಿಸಿದರು. ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಪ್ರತಿಗಳಲ್ಲಿರುವುದೇ ಸರಿ ಎಂದು ಅವರು ಹೇಳಿದರಂತೆ. ಕೊನೆಗೆ ಬಿಷಪ್ಪರು ತಪ್ಪಾಯಿತೆಂದು ಪದವನ್ನು ತಿದ್ದಬೇಕಾಯಿತು. ಇಲ್ಲದಿದ್ದರೆ ಖಾಲಿ ಚರ್ಚಿನಲ್ಲಿ ಒಬ್ಬರೇ ಉಳಿಯುತ್ತಿದ್ದರು.

ಹಳೆಯ ಪದ ಸೋರೆ ಅಥವಾ ಕುಂಬಳ ಜಾತಿಯ ಬಳ್ಳಿ. ಜೆರೋಮ್ ಬಳಸಿದ್ದು ಐವಿ ಬಳ್ಳಿ ಎಂಬ ಪದ.

ಹೆಚ್ಚಿನವರು ಓದು ಬರಹ ಬಲ್ಲವರಲ್ಲದ ಕಾಲದಲ್ಲಿ ಗ್ರಂಥ ಎಂದರೆ ಕಾಗದವಲ್ಲ, ಕಿವಿ. ನಮ್ಮ ಊರುಗಳಲ್ಲಿ ಕುರ್‌ಆನ್ ಪಠಿಸುವ ಹುಡುಗ ಒಂದು ಸ್ವರ ತಪ್ಪಿದರೆ ಸಾಕು, ಅರ್ಥ ತಿಳಿಯದ ಮುದುಕರೂ ಹಿಂದಿನ ಸಾಲಿನಿಂದ ತಿದ್ದುತ್ತಾರೆ. ಯಕ್ಷಗಾನದ ಭಾಗವತರು ಪದ ಮರೆತರೆ ಪ್ರೇಕ್ಷಕರೇ ಎತ್ತಿಕೊಡುವುದನ್ನು ನೋಡಿದ್ದೇನೆ. ಓಯಾದ ಜನರೂ ಅಂಥವರೇ. ಅವರನ್ನು ಮೂಢರೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಒಂದು ಮಾತು. ಶತ್ರುಗಳ ಪಟ್ಟಣವನ್ನೂ ದೇವರು ಕ್ಷಮಿಸಿದ ಎಂಬ ನುಂಗಲಾರದ ಸುದ್ದಿ ಅದೇ ಪುಟದಲ್ಲಿತ್ತು. ಅದಕ್ಕಾಗಿ ಯಾರೂ ಎದ್ದು ನಿಂತದ್ದು ದಾಖಲಾಗಿಲ್ಲ. ಎದ್ದು ನಿಂತದ್ದು ತರಕಾರಿಗಾಗಿ.

ಜೆರೋಮ್ ಸುಮ್ಮನಿರುವ ಮನುಷ್ಯನಲ್ಲ. ಪಾಂಡಿತ್ಯದಷ್ಟೇ ನಾಲಗೆಯೂ ಹರಿತ. 396ರಲ್ಲಿ ಬರೆದ ಯೋನನ ವ್ಯಾಖ್ಯಾನದಲ್ಲೇ ಅವರು ಈ ಜಗಳವನ್ನು ಪ್ರಸ್ತಾಪಿಸಿದ್ದರು. ಸೋರೆಯನ್ನು ಬಿಟ್ಟದ್ದಕ್ಕೆ ರೋಮಿನಲ್ಲಿ ಯಾರೋ ತನ್ನ ಮೇಲೆ ಧರ್ಮದ್ರೋಹದ ಆಪಾದನೆ ಹೊರಿಸಿದ್ದಾರೆಂದೂ, ಸೋರೆ ಇಲ್ಲದಿದ್ದರೆ ಕತ್ತಲಲ್ಲಿ ಕದ್ದು ಕುಡಿಯಲು ಆಸರೆ ತಪ್ಪೀತೆಂದು ಆತನಿಗೆ ಭಯವಿರಬೇಕೆಂದೂ ಕುಟುಕಿದ್ದರು. ಸೋರೆ ಬುರುಡೆ ದ್ರಾಕ್ಷಾರಸ ತುಂಬುವ ಪಾತ್ರೆಯೂ ಆಗಿತ್ತಷ್ಟೆ. ಅದೇ ವ್ಯಾಖ್ಯಾನದಲ್ಲಿ ಗಿಡದ ವಿವರವನ್ನೂ ಕೊಡುತ್ತಾರೆ. ದ್ರಾಕ್ಷಿಯ ಎಲೆಯಂತೆ ಅಗಲವಾದ ಎಲೆ, ದಟ್ಟ ನೆರಳು, ಬೇರೆ ಆಸರೆಯಿಲ್ಲದೆ ತನ್ನ ಕಾಂಡದ ಮೇಲೇ ನಿಲ್ಲುವ ಪೊದೆ. ಪ್ಯಾಲೆಸ್ತೀನಿನ ಮರಳು ನೆಲದಲ್ಲಿ ಹೇರಳ. ಬೀಜ ಬಿದ್ದ ಕೆಲವೇ ದಿನಗಳಲ್ಲಿ ಹುಲ್ಲಿನಂತಿದ್ದುದು ಗಿಡವಾಗಿ ನಿಲ್ಲುತ್ತದೆ. ಸಿರಿಯಾದವರು ಅದನ್ನು ‘ಎಲ್ಕೆರೋವಾ’ ಎನ್ನುತ್ತಾರೆ ಎಂದೂ ಸೇರಿಸುತ್ತಾರೆ. ಅರಬಿ ಬಲ್ಲವರಿಗೆ ಇಲ್ಲಿ ಕಿವಿ ನಿಮಿರುತ್ತದೆ. ಅರಬಿಯಲ್ಲಿ ‘ಅಲ್ ಖಿರ್ವಾ’ ಎಂದರೆ ಹರಳು. ನಮ್ಮ ಬಯಲುಸೀಮೆಯ ಹೊಲಗಳ ಬದುವಿನಲ್ಲಿ ನಿಂತಿರುವ, ಉತ್ತರ ಕರ್ನಾಟಕದವರು ಔಡಲ ಎನ್ನುವ ಅದೇ ಗಿಡ.

ಹಾಗಾದರೆ ಹರಳು ಎಂದೇ ಬರೆಯದೆ ಐವಿ ಎಂದು ಬರೆದದ್ದೇಕೆ? 404ರ ಉತ್ತರದಲ್ಲಿ ಜೆರೋಮ್ ಅದಕ್ಕೂ ಕಾರಣ ಕೊಡುತ್ತಾರೆ. ಹೀಬ್ರೂ ಪದವನ್ನು ಹಾಗೆಯೇ ಇಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೋರೆ ಎಂದರೆ ಮೂಲದಲ್ಲಿ ಇಲ್ಲದ್ದನ್ನು ಹೇಳಿದಂತೆ. ಆದ್ದರಿಂದ ತನಗಿಂತ ಹಿಂದಿನ ಗ್ರೀಕ್ ಅನುವಾದಕರ ಜಾಡು ಹಿಡಿದು ಐವಿ ಎಂದೆ ಎನ್ನುತ್ತಾರೆ. ಸೋರೆ ತಪ್ಪು ಎಂದು ಅಷ್ಟು ಜೋರಾಗಿ ಜಗಳವಾಡಿದವರು ತಾವು ಬರೆದ ಪದವೂ ಸರಿಯಲ್ಲವೆಂದು ತಮ್ಮ ಬಾಯಲ್ಲೇ ಒಪ್ಪಿಕೊಂಡಂತಾಯಿತು. ಅನುವಾದ ಮಾಡಿದ ಯಾರಿಗಾದರೂ ಈ ಸಂಕಟ ಗೊತ್ತಿರುತ್ತದೆ.

ಜೆರೋಮ್ ಹೀಬ್ರೂ ಕಲಿತ ಬಗೆ ಇನ್ನೂ ಕುತೂಹಲಕರ. ಬೆತ್ಲೆಹೇಮಿನಲ್ಲಿ ಅವರಿಗೆ ಬರಾನಿನಾಸ್ ಎಂಬ ಯಹೂದಿ ಮೇಷ್ಟ್ರಿದ್ದರು. ಪಾಠ ನಡೆಯುತ್ತಿದ್ದುದು ರಾತ್ರಿ ಹೊತ್ತು. ಕ್ರೈಸ್ತ ಸಂನ್ಯಾಸಿಯೊಬ್ಬನಿಗೆ ಗ್ರಂಥ ಕಲಿಸುವುದು ತನ್ನವರಿಗೆ ತಿಳಿದರೆ ಗತಿಯೇನು ಎಂದು ಆ ಮೇಷ್ಟ್ರಿಗೆ ಹೆದರಿಕೆ. ಎಷ್ಟು ಕಷ್ಟಪಟ್ಟು, ಎಷ್ಟು ಹಣ ತೆತ್ತು ಆ ಪಾಠ ಹೇಳಿಸಿಕೊಂಡೆನೆಂದು ಜೆರೋಮ್ ತಾವೇ ಬರೆದಿದ್ದಾರೆ. ಇತ್ತ ಅವರ ಕಡೆಯವರೂ ಸುಮ್ಮನಿರಲಿಲ್ಲ. ಒಂದು ಕಾಲದ ಗೆಳೆಯ ರುಫಿನಸ್ 401ರ ಸುಮಾರಿಗೆ ಬರೆದ ಖಂಡನೆಯಲ್ಲಿ ಆ ಮೇಷ್ಟ್ರ ಹೆಸರನ್ನು ಬರಬ್ಬಾಸ್ ಎಂದು ತಿರುಚಿದರು. ಯೇಸುವಿನ ಬದಲಿಗೆ ಬಿಡುಗಡೆಯಾದ ಅಪರಾಧಿಯ ಹೆಸರು ಅದು. ನಮ್ಮ ಗ್ರಂಥದ ಅರ್ಥವನ್ನು ಅವರಿಂದ ಕಲಿಯುವುದೇ ಎಂಬುದು ರುಫಿನಸರ ಸಿಟ್ಟು. ರುಫಿನಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೇಲಿ ಮಾಡುತ್ತಾರೆ. ಹಾಗಾದರೆ ಯೋನ ಮಲಗಿದ್ದು ಸೋರೆಯ ಕೆಳಗಲ್ಲ, ಐವಿಯ ಕೆಳಗೆ ಎಂದು ನಮ್ಮ ಹಿರಿಯರ ಸಮಾಧಿಗಳ ಮೇಲೂ ತಿದ್ದಿ ಬರೆಯೋಣವೇ? ಈ ಚುಚ್ಚುಮಾತಿಗೆ ಕಾರಣವಿತ್ತು. ರೋಮಿನ ನೆಲದಡಿಯ ಸಮಾಧಿ ಗುಹೆಗಳಲ್ಲಿ ಆರಂಭದ ಕ್ರೈಸ್ತರು ಅತಿ ಹೆಚ್ಚು ಬಾರಿ ಚಿತ್ರಿಸಿದ ಕಥೆಗಳಲ್ಲಿ ಯೋನನದೂ ಒಂದು. ಉದ್ದನೆಯ ಸೋರೆಕಾಯಿಗಳು ತೂಗುವ ಚಪ್ಪರದಡಿ ಯೋನ ಒಂದು ಕೈ ತಲೆಯ ಮೇಲಿಟ್ಟು ನೆಮ್ಮದಿಯಿಂದ ಮಲಗಿರುತ್ತಾನೆ. ಅಪ್ಪ, ಅಮ್ಮ, ಮಗುವನ್ನು ಮಣ್ಣು ಮಾಡಿದ ಗೋಡೆಯ ಮೇಲಿನ ಚಿತ್ರವದು. ಅದರಲ್ಲಿನ ಸೋರೆಕಾಯಿಯನ್ನು ಕೀಳಲು ಬಂದವನ ಮೇಲೆ ಜನ ರೇಗದೆ ಇರುತ್ತಾರೆಯೇ?

ಆದರೆ ಸೋರೆ ಬಂದದ್ದೆಲ್ಲಿಂದ? ಕ್ರಿಸ್ತಪೂರ್ವದಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಯಹೂದಿ ವಿದ್ವಾಂಸರು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತಂದಾಗ ಕೀಕಾಯೋನನ್ನು ಸೋರೆ ಜಾತಿಯ ಬಳ್ಳಿ ಎಂದು ಬರೆದರು. ಚಪ್ಪರ ಎಂದಿದೆಯಲ್ಲ, ಅದರ ಮೇಲೆ ಹಬ್ಬುವುದು ಬಳ್ಳಿಯೇ ಎಂದು ಅವರಿಗೆ ತೋರಿರಬಹುದು. ತಮಾಷೆಯೆಂದರೆ ಹರಳಿನ ಹೆಸರೇ ಅವರ ಬೀದಿಯಲ್ಲಿ ಸುಳಿದಾಡುತ್ತಿತ್ತು. ಕ್ರಿ.ಪೂ. 5ನೇ ಶತಮಾನದಲ್ಲಿ ಈಜಿಪ್ಟಿಗೆ ಹೋಗಿದ್ದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಅಲ್ಲಿನ ಜೌಗು ಪ್ರದೇಶದವರು ಒಂದು ಗಿಡದ ಬೀಜದಿಂದ ‘ಕೀಕೀ’ ಎಂಬ ಎಣ್ಣೆ ತೆಗೆಯುತ್ತಾರೆ, ದೀಪಕ್ಕೆ ಆಲಿವ್ ಎಣ್ಣೆಗೆ ಕಡಿಮೆಯೇನಲ್ಲ, ಆದರೆ ವಾಸನೆ ಕಟು ಎಂದು ಬರೆದಿದ್ದಾರೆ. ಕ್ರಿ.ಪೂ. 259ರ ತೆರಿಗೆ ಕಾನೂನಿನ ಪಪೈರಸ್ ಒಂದರಲ್ಲಿ ಹರಳೆಣ್ಣೆಯ ಉತ್ಪಾದನೆ ಮತ್ತು ಮಾರಾಟ ಅರಸರ ಹತೋಟಿಯಲ್ಲಿದ್ದುದು ಕಾಣುತ್ತದೆ. ಅನುವಾದಕರ ಮೇಜಿನ ದೀಪದಲ್ಲಿ ಉರಿಯುತ್ತಿದ್ದುದು ಅದೇ ಎಣ್ಣೆಯಾಗಿದ್ದರೂ ಆಶ್ಚರ್ಯವಿಲ್ಲ!

ಈ ಗಿಡದ ಅರ್ಥ ತಿಳಿಯಾಗಿ ಉಳಿದಿದ್ದು ಪಂಡಿತರ ಪೀಠದಲ್ಲಲ್ಲ, ಮನೆಯ ದೀಪದ ಬುಡದಲ್ಲಿ. ನನಗೆ ಬಹಳ ಹಿಡಿಸಿದ ಭಾಗ ಇದು.

ಯಹೂದಿಗಳ ಸಬ್ಬತ್ ಶುಕ್ರವಾರ ಸಂಜೆ ಸೂರ್ಯ ಮುಳುಗುವಾಗ ಆರಂಭವಾಗುತ್ತದೆ. ಅಂದು ಬೆಂಕಿ ಹೊತ್ತಿಸುವಂತಿಲ್ಲ, ದೀಪವನ್ನು ಮುಂಚಿತವಾಗಿಯೇ ಹಚ್ಚಿಡಬೇಕು. ಯಾವ ಬತ್ತಿ, ಯಾವ ಎಣ್ಣೆ ಆಗಬಹುದು, ಯಾವುದು ಆಗದು ಎಂಬ ಪಟ್ಟಿಯೇ ಅವರ ಧರ್ಮಶಾಸ್ತ್ರ ಮಿಶ್ನಾದಲ್ಲಿದೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಗ್ರಂಥ ಅದು. ಆಗದ ಎಣ್ಣೆಗಳಲ್ಲಿ ‘ಕೀಕ್’ ಎಣ್ಣೆಯೂ ಒಂದು. ದೀಪದ ಬೆಳಕಿನಲ್ಲಿ ಓದುವುದಕ್ಕೂ ಅಂದು ಅಡ್ಡಿಯಿದೆ. ಬೆಳಕು ಮಂಕಾದರೆ ಕೈ ತಾನಾಗಿ ಹೋಗಿ ದೀಪವನ್ನು ವಾಲಿಸಿಬಿಡುತ್ತದೆ, ಅದು ಬೆಂಕಿಯನ್ನು ಕೆದಕಿದಂತೆ. ಇಷ್ಮಾಯೆಲ್ ಎಂಬ ರಬ್ಬಿಯೊಬ್ಬರು ನಾನು ಓದುತ್ತೇನೆ, ದೀಪ ಮುಟ್ಟುವುದಿಲ್ಲ ಎಂದು ಹಠ ಹಿಡಿದು ಕೂತರಂತೆ. ಓದಿನಲ್ಲಿ ಮುಳುಗಿದಾಗ ಕೈ ಹೋಗಿಯೇ ಬಿಟ್ಟಿತು. ತಪ್ಪೊಪ್ಪಿಕೊಂಡು, ದೇವಾಲಯ ಮತ್ತೆ ಕಟ್ಟಿದ ದಿನ ಇದಕ್ಕೆ ಕೊಬ್ಬಿದ ಬಲಿ ಅರ್ಪಿಸುತ್ತೇನೆ ಎಂದು ತಮ್ಮ ಪುಸ್ತಕದಲ್ಲಿ ಬರೆದಿಟ್ಟರೆಂದು ತಾಲ್ಮುದ್ ಹೇಳುತ್ತದೆ. ಇಬ್ಬರು ಕೂಡಿ ಒಂದೇ ಭಾಗವನ್ನು ಓದುವುದಾದರೆ ಮಾತ್ರ ಓದಬಹುದು, ಒಬ್ಬನ ಕೈ ಹೋದರೆ ಇನ್ನೊಬ್ಬ ನೆನಪಿಸುತ್ತಾನೆ. ಸಂಜೆಯ ಓದಿನ ರುಚಿ ಹತ್ತಿದ ನನ್ನಂಥವನಿಗೆ ಈ ರಬ್ಬಿಯ ಪೇಚು ಚೆನ್ನಾಗಿಯೇ ಅರ್ಥವಾಯಿತು.

ಈಗ ಮನೆವಾರ್ತೆಯ ಪ್ರಶ್ನೆ ಎದುರಾಯಿತು: ಈ ಕೀಕ್ ಎಣ್ಣೆ ಎಂದರೆ ಯಾವುದು? ಸಮುದ್ರತೀರದ ಒಂದು ಹಕ್ಕಿಯ ಕೊಬ್ಬು ಎಂದರು ಒಬ್ಬರು. ಹತ್ತಿಬೀಜದ ಎಣ್ಣೆ ಎಂದರು ಇನ್ನೊಬ್ಬರು. ಯೋನನ ಕೀಕಾಯೋನಿನ ಎಣ್ಣೆ ಎಂದವರು ರೇಶ್ ಲಾಕಿಶ್. ಆಗ ರಬ್ಬಾ ಬರ್ ಬರ್ ಹನಾ ಎಂಬವರು ಬಾಯಿ ಹಾಕುತ್ತಾರೆ. ಇವರು ಬ್ಯಾಬಿಲೋನಿಯಾ ಮತ್ತು ಪ್ಯಾಲೆಸ್ತೀನಿನ ನಡುವೆ ಓಡಾಡುತ್ತಿದ್ದ 3ನೇ ಶತಮಾನದ ಪ್ರಯಾಣಿಕ. ಸಮುದ್ರದಲ್ಲಿ ಕಂಡ ಮೀನಿನ ಬೆನ್ನನ್ನು ದ್ವೀಪವೆಂದು ತಿಳಿದು ಇಳಿದ ಕಥೆ ಹೇಳಿದವರೂ ಇವರೇ, ಹಾಗಾಗಿ ಇವರ ಎಲ್ಲ ಮಾತನ್ನೂ ಹಾಗೆಯೇ ನಂಬುವಂತಿಲ್ಲ. ಆದರೆ ಈ ಒಂದು ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಯೋನನ ಗಿಡವನ್ನು ನಾನೇ ಕಣ್ಣಾರೆ ನೋಡಿದ್ದೇನೆ ಎನ್ನುತ್ತಾರೆ. ಜೌಗಿನಲ್ಲಿ ಬೆಳೆಯುತ್ತದೆ, ನೆರಳಿಗೆಂದು ಅಂಗಡಿಗಳ ಬಾಗಿಲಲ್ಲಿ ಬೆಳೆಸುತ್ತಾರೆ, ಬೀಜದಿಂದ ಎಣ್ಣೆ ತೆಗೆಯುತ್ತಾರೆ, ರೋಗಿಗಳು ಅದರಡಿ ವಿಶ್ರಮಿಸುತ್ತಾರೆ. ಜೆರೋಮ್ ಹುಟ್ಟುವುದಕ್ಕೂ ಮೊದಲೇ, ದೀಪಕ್ಕೆ ಎಣ್ಣೆ ಹುಡುಕುತ್ತಿದ್ದವರು ಉತ್ತರ ಕಂಡುಕೊಂಡಿದ್ದರು. ಎರಡು ವಿವರಣೆಗಳೂ ಹರಳಿನತ್ತಲೇ ಬೆರಳು ಮಾಡುತ್ತವೆ. ಇಂದಿನ ವಿದ್ವಾಂಸರಲ್ಲೂ ಹೆಚ್ಚಿನವರ ಒಲವು ಅತ್ತಲೇ.

ಹರಳು ಬೆಳೆದ ರೈತರಿಗೆ ಕಥೆಯ ಹುಳುವಿನ ಭಾಗವನ್ನೂ ಯಾರೂ ವಿವರಿಸಬೇಕಿಲ್ಲ. ಕೊಂಡಲಿ ಹುಳು ಬಿದ್ದರೆ ಹಸಿರಾಗಿದ್ದ ಗಿಡದಲ್ಲಿ ನಾಲ್ಕು ದಿನದಲ್ಲಿ ಎಲೆಯ ನರಗಳಷ್ಟೇ ಉಳಿಯುತ್ತವೆ.

ಯಹೂದಿಗಳು ಯೋನನ ಪುಸ್ತಕವನ್ನು ಇಡಿಯಾಗಿ ಓದುವುದು ವರ್ಷಕ್ಕೊಮ್ಮೆ, ಪ್ರಾಯಶ್ಚಿತ್ತ ದಿನವಾದ ಯೋಮ್ ಕಿಪ್ಪೂರ್‌ನ ಇಳಿಹೊತ್ತಿನ ಪ್ರಾರ್ಥನೆಯಲ್ಲಿ. ಅಷ್ಟರಲ್ಲಿ ಉಪವಾಸದ ಬಹುಪಾಲು ಮುಗಿದು ಬಾಯಿ ಒಣಗಿರುತ್ತದೆ. ಅಂಥ ಹೊತ್ತಿನಲ್ಲಿ ಗಿಡ ಯಾವುದಾದರೇನು, ನೆರಳು ಎಂಬ ಪದವೇ ಸಾಕು. 12ನೇ ಶತಮಾನದ ಸ್ಪೇನಿನ ವ್ಯಾಖ್ಯಾನಕಾರ ಇಬ್ನ್ ಎಝ್ರಾ ಈ ಜಾಗಕ್ಕೆ ಬಂದಾಗ, ನಮ್ಮ ದೇಶದ ಪಂಡಿತರು ಇದನ್ನು ಸೋರೆ ಎನ್ನುತ್ತಾರೆ ಎಂದು ಹೇಳಿ, ಅದೇನೆಂದು ತಿಳಿಯುವ ಅಗತ್ಯವೇ ಇಲ್ಲ ಎಂದು ಮುಗಿಸಿಬಿಡುತ್ತಾರೆ. ಅರಬಿಯನ್ನೂ ಹೀಬ್ರೂವನ್ನೂ ಅರೆದು ಕುಡಿದ ವೈಯಾಕರಣಿಯ ಬಾಯಲ್ಲಿ ಈ ಮಾತು!

ಇನ್ನು ಕುರ್‌ಆನ್. ಸೂರಃ ಅಸ್ಸಾಫ್ಫಾತ್‌ನಲ್ಲಿ ಯೂನುಸ್(ಅ)ರ ಪ್ರಸಂಗ ಬರುತ್ತದೆ. ಅಲ್ಲಿನ ಪದ ‘ಯಕ್ತೀನ್’. ಇತಿಹಾಸಕಾರರೂ ಆಗಿದ್ದ ತಬರಿ (ನಿಧನ 923) ಈ ಪದದ ಬಗ್ಗೆ ತಮ್ಮ ಕಾಲದವರೆಗಿನ ಅಭಿಪ್ರಾಯಗಳನ್ನೆಲ್ಲ ಒಟ್ಟುಗೂಡಿಸಿದ್ದಾರೆ. ಕಾಂಡವಿಲ್ಲದೆ ನೆಲದ ಮೇಲೆ ಹಬ್ಬುವುದೆಲ್ಲ ಯಕ್ತೀನ್ ಎಂಬವರಿದ್ದರು, ಸೋರೆಯೇ ಎಂದು ಖಚಿತವಾಗಿ ಹೇಳುವವರಿದ್ದರು, ಸೋರೆಗೆ ಕಲ್ಲಂಗಡಿಗಿಂತ ಹೆಚ್ಚಿನ ಹಕ್ಕೇನು ಎಂದು ಮರುಪ್ರಶ್ನೆ ಹಾಕಿದವರೂ ಇದ್ದರು. ಬಹುಮತ ಸೋರೆಗೆ ಬಿತ್ತು. 14ನೇ ಶತಮಾನದ ಇಬ್ನ್ ಕಸೀರ್ ಸೋರೆಯ ಗುಣಗಳನ್ನು ಅಡುಗೆಮನೆ ಬಲ್ಲವರಂತೆ ವಿವರಿಸುತ್ತಾರೆ: ಬೇಗ ಬೆಳೆಯುತ್ತದೆ, ಎಲೆ ದೊಡ್ಡದು ಮತ್ತು ಮೃದು, ನೊಣ ಹತ್ತಿರ ಸುಳಿಯುವುದಿಲ್ಲ, ಕಾಯಿ ಹೊಟ್ಟೆಗೆ ಹಿತ. ಪ್ರವಾದಿ ಮುಹಮ್ಮದ್(ಸ)ರಿಗೆ ಸೋರೆ ಇಷ್ಟವಾಗಿತ್ತೆಂಬುದೂ ಇಲ್ಲಿ ನೆನಪಾಗುತ್ತದೆ. ದರ್ಜಿಯೊಬ್ಬರು ಕೊಟ್ಟ ಔತಣದಲ್ಲಿ ಸಾರಿನ ಬಟ್ಟಲಿನಿಂದ ಪ್ರವಾದಿವರ್ಯರು ಸೋರೆ ಹೋಳುಗಳನ್ನು ಹುಡುಕಿ ತಿನ್ನುತ್ತಿದ್ದುದನ್ನು ಅನಸ್(ರ) ಕಂಡದ್ದು ಬುಖಾರಿಯ ಸಂಗ್ರಹದಲ್ಲಿದೆ.

ಇಲ್ಲಿ ಒಂದು ಎಚ್ಚರ ಬೇಕು. ಎರಡು ಗ್ರಂಥಗಳ ಗಿಡವನ್ನು ಒಂದೇ ಮಾಡಿ ಯಾರು ಸರಿ ಯಾರು ತಪ್ಪು ಎಂದು ತೀರ್ಪು ಕೊಡುವ ಆಸೆ ಎರಡೂ ಕಡೆಯವರಿಗೆ ಹುಟ್ಟುತ್ತದೆ. ಆದರೆ ಸಂದರ್ಭವೇ ಬೇರೆ. ಬೈಬಲಿನಲ್ಲಿ ಗಿಡ ಬರುವುದು ಕಥೆಯ ಕೊನೆಗೆ, ಪಟ್ಟಣದ ಹೊರಗೆ ಸಿಟ್ಟಿನಿಂದ ಕೂತವನ ತಲೆಯ ಮೇಲೆ, ಅವನಿಗೆ ಪಾಠ ಕಲಿಸಲು. ಕುರ್‌ಆನಿನಲ್ಲಿ ಅದು ಬರುವುದು ಮೀನಿನ ಹೊಟ್ಟೆಯಿಂದ ಬರಡು ದಡಕ್ಕೆ ಎಸೆಯಲ್ಪಟ್ಟ ರೋಗಿಯ ಬಳಿ, ಲಕ್ಷ ಜನರಿರುವ ಊರಿಗೆ ಕಳುಹಿಸುವ ಪ್ರಸ್ತಾಪಕ್ಕೂ ಮೊದಲು. ಅಲ್ಲಿ ಹುಳುವಿಲ್ಲ, ಗಿಡ ಒಣಗುವುದಿಲ್ಲ. ಮೈಗೆ ಹೊದಿಸುವ ಎಲೆ ಬೇಕಾದ ಕಡೆ ಬಳ್ಳಿ, ತಲೆಗೆ ನೆರಳು ಬೇಕಾದ ಕಡೆ ನಿಂತ ಗಿಡ. ನನಗಂತೂ ಎರಡರಲ್ಲೂ ಕೊರತೆ ಕಾಣುವುದಿಲ್ಲ.

ಆದರೂ ನೆರೆಯವರ ಗ್ರಂಥವನ್ನು ತೆರೆಯಬಹುದೇ ಎಂಬ ರುಫಿನಸರ ಪ್ರಶ್ನೆ ನಮ್ಮ ಕಡೆಯೂ ಎದ್ದಿತ್ತು. 15ನೇ ಶತಮಾನದ ಕೈರೋದಲ್ಲಿ ಬುರ್ಹಾನುದ್ದೀನ್ ಅಲ್ ಬಿಕಾಈ ತಮ್ಮ ಕುರ್‌ಆನ್ ವ್ಯಾಖ್ಯಾನ ‘ನಝ್ಮುದ್ದುರರ್’ನಲ್ಲಿ ತೌರಾತ್ ಮತ್ತು ಇಂಜೀಲ್‌ಗಳಿಂದ ಪುಟಗಟ್ಟಲೆ ಉದ್ಧರಿಸಿದರು. 1468ರ ಸುಮಾರಿಗೆ ದೊಡ್ಡ ವಿವಾದವೇ ಆಯಿತು. ಹಾಗೆ ಉದ್ಧರಿಸುವುದು ನಿಷಿದ್ಧ ಎಂದು ಸಖಾವಿ ಒಂದು ಗ್ರಂಥವನ್ನೇ ಬರೆದರು. ಬಿಕಾಈ ಹಿಂಜರಿಯದೆ ತಮ್ಮ ಸಮರ್ಥನೆಯನ್ನು ಪ್ರತ್ಯೇಕ ಪುಸ್ತಕವಾಗಿ ಬರೆದರು. ಜಗಳಗಂಟ ಸ್ವಭಾವದಲ್ಲಿ ಅವರು ಜೆರೋಮ್‌ಗೆ ಸರಿಸಾಟಿ. ಕೊನೆಗೆ ಕೈರೋ ತೊರೆದು ದಮಾಸ್ಕಸ್ ಸೇರಿ 1480ರಲ್ಲಿ ತೀರಿಕೊಂಡರು. ವ್ಯಾಖ್ಯಾನ ಮಾತ್ರ ಉಳಿದಿದೆ, ಇಂದಿಗೂ ಮುದ್ರಣವಾಗುತ್ತಿದೆ.

ನಿನೆವೆಯ ಹೆಸರು ಪ್ರವಾದಿ ಚರಿತ್ರೆಯಲ್ಲೂ ಒಮ್ಮೆ ಬರುತ್ತದೆ. ತಾಯಿಫ್‌ನಲ್ಲಿ ಕಲ್ಲೇಟು ತಿಂದು ದಣಿದ ಪ್ರವಾದಿ(ಸ) ದ್ರಾಕ್ಷಿ ತೋಟವೊಂದರ ನೆರಳಲ್ಲಿ ಕುಳಿತಾಗ, ಹಣ್ಣು ತಂದುಕೊಟ್ಟವರು ಅದ್ದಾಸ್ ಎಂಬ ಕ್ರೈಸ್ತ ಗುಲಾಮ. ಯಾವ ಊರು ಎಂದು ಕೇಳಿದರೆ ನಿನೆವೆ ಎಂದರು. ನನ್ನ ಸಹೋದರ ಯೂನುಸರ ಊರಿನವರೇ ಎಂದು ಪ್ರವಾದಿವರ್ಯರು ಮಾತಿಗಿಳಿದರೆಂದು ಚರಿತ್ರೆಕಾರರು ಹೇಳುತ್ತಾರೆ. ಆ ಊರು ಇಂದಿನ ಇರಾಕಿನ ಮೂಸಿಲ್ ನಗರದ ಭಾಗ. ಅಲ್ಲಿನ ದಿಬ್ಬದ ಮೇಲಿದ್ದ ನಬಿ ಯೂನುಸ್ ಮಸೀದಿಯನ್ನು ಯೂನುಸರ ಸಮಾಧಿಯಿರುವ ಜಾಗವೆಂಬ ನಂಬಿಕೆಯಿಂದ ಮುಸ್ಲಿಮರೂ ಕ್ರೈಸ್ತರೂ ಗೌರವಿಸುತ್ತಿದ್ದರು. 2014ರ ಜುಲೈ 24ರಂದು ಐಸಿಸ್‌ನವರು ಅದನ್ನು ಸ್ಫೋಟಿಸಿದರು. ಸೋರೆಯೋ ಐವಿಯೋ ಎಂದು ಪತ್ರ ಬರೆದು ಜಗಳವಾಡಿದವರು ಎಷ್ಟೋ ವಾಸಿ ಎನಿಸಿತು.

ನಿನೆವೆಯ ಜನರ ಉಪವಾಸದ ನೆನಪಿಗಾಗಿ ಸಿರಿಯನ್ ಕ್ರೈಸ್ತರು ಇಂದಿಗೂ ಮೂರು ದಿನ ಉಪವಾಸ ಹಿಡಿಯುತ್ತಾರೆ. ಕೇರಳದಲ್ಲಿ ಅದು ‘ಮೂನ್ನು ನೋಂಬು’. ಕೇರಳದಿಂದ ಬಂದು ದಕ್ಷಿಣ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ರಬ್ಬರ್, ಅಡಿಕೆ ಬೆಳೆದು ನೆಲೆಸಿದ ಕುಟುಂಬಗಳೂ ಅದನ್ನು ಜೊತೆಗೆ ತಂದವು. ಅನುವಾದಗಳ ಗೊಂದಲ ಇಲ್ಲಿಗೂ ಬಂದಿದೆ. 1611ರ ಇಂಗ್ಲಿಷ್ ಬೈಬಲ್ ಸೋರೆ ಎಂದು ಬರೆದು, ಹರಳು ಇರಲೂಬಹುದೆಂದು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಸೂಚಿಸಿತ್ತು. ಹಳೆಯ ತಮಿಳು ಮತ್ತು ಮಲಯಾಳಂ ಬೈಬಲ್‌ಗಳು ಹರಳನ್ನು ಆರಿಸಿಕೊಂಡವು. ತೆಲುಗು ಮತ್ತು ಕನ್ನಡದವು ಸೋರೆಯನ್ನು ಉಳಿಸಿಕೊಂಡವು. ಇತ್ತೀಚಿನ ಹಲವು ಇಂಗ್ಲಿಷ್ ಅನುವಾದಗಳು ಯಾರ ಗೊಡವೆಯೂ ಬೇಡವೆಂದು ಬರೀ ‘ಗಿಡ’ ಎನ್ನುತ್ತವೆ. ಹೀಗಾಗಿ ಉಪವಾಸದ ಸಂಜೆ ಅಜ್ಜಿ ಹಳೆಯ ಮಲಯಾಳಂ ಬೈಬಲ್ ತೆರೆದು ಆವಣಕ್ಕ್ ಎಂದು ಓದುವಾಗ, ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗಳ ಕೈ ಪುಸ್ತಕದಲ್ಲಿ ಅದು ಸೋರೆಗಿಡವಾಗಿರುತ್ತದೆ.